ಲಾಗಕ್ಕಿಂತ ಮಂಡಿ ದೊಡ್ಡದು

ಫ್ರೀಸ್ಟೈಲ್ ಸ್ಕೀಯಿಂಗ್ ನೋಡಲು ಕೂತವರ ಕಣ್ಣೆಲ್ಲ ಗಾಳಿಯಲ್ಲಿ ಹಾಕುವ ಲಾಗದ ಮೇಲೆಯೇ. ಟೀವಿಯವರೂ ಅದನ್ನೇ ನಿಧಾನಗತಿಯಲ್ಲಿ ಮತ್ತೆ ಮತ್ತೆ ತೋರಿಸುತ್ತಾರೆ. ಆದರೆ ಈ ಕ್ರೀಡೆಯ ಮೊಗಲ್ಸ್ ಎಂಬ ಪ್ರಕಾರದಲ್ಲಿ 100ಕ್ಕೆ 60 ಅಂಕ ಸಿಗುವುದು ಹಿಮದ ಮೇಲಿನ ತಿರುವುಗಳಿಗೆ. ಲಾಗಕ್ಕೆ 20, ವೇಗಕ್ಕೆ 20, ಅಷ್ಟೆ. ಕೆನಡಾದ ಮಿಕಾಯೆಲ್ ಕಿಂಗ್ಸ್‌ಬರಿ ಈ ಪ್ರಕಾರದ ಇತಿಹಾಸದಲ್ಲೇ ದೊಡ್ಡ ಆಟಗಾರ ಎಂದು ನಾನು ಹೇಳುವುದು ಆ 60 ಅಂಕಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ.

ಒಂದೇ ಇಳಿಜಾರಿನಲ್ಲಿ ಹತ್ತಾರು ಜನ ಸ್ಕೀ ಮಾಡಿದರೆ ಎಲ್ಲರೂ ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ತಿರುಗುತ್ತಾರೆ. ಅಲ್ಲಿನ ಹಿಮ ಕೆತ್ತಿಹೋಗಿ ಪಕ್ಕದಲ್ಲಿ ಗುಡ್ಡೆಯಾಗುತ್ತದೆ. ಆ ಉಬ್ಬುಗಳೇ ಮೊಗಲ್‌ಗಳು. ಸ್ಪರ್ಧೆಗೆ ಇವನ್ನು ಮೂರು ನಾಲ್ಕು ಮೀಟರ್ ಅಂತರದಲ್ಲಿ ಸಾಲಾಗಿ ಸಜ್ಜುಗೊಳಿಸುತ್ತಾರೆ. ಇಳಿಜಾರು ಸುಮಾರು 28 ಡಿಗ್ರಿ, ನಡುವೆ ಎರಡು ಜಿಗಿತ. 25 ಸೆಕೆಂಡಿನ ಆಸುಪಾಸಿನಲ್ಲಿ ಎಲ್ಲ ಮುಗಿದುಹೋಗುತ್ತದೆ. ಅಷ್ಟರಲ್ಲಿ ಸ್ಪರ್ಧಿಯ ಮಂಡಿಗಳು ಪ್ರತಿ ಉಬ್ಬಿಗೂ ಎದೆಯ ಕಡೆಗೆ ಮಡಚಿ, ಉಬ್ಬು ದಾಟಿದ ಮರುಕ್ಷಣ ತಗ್ಗಿನೊಳಕ್ಕೆ ಚಾಚಬೇಕು. ಸ್ಕೀ ಹಿಮವನ್ನು ಬಿಟ್ಟೇಳಬಾರದು. ಸೊಂಟದಿಂದ ಮೇಲಿನ ದೇಹ ಮಾತ್ರ ಕರಗ ಹೊತ್ತವರ ತಲೆಯಂತೆ ಅಲುಗದೆ ಇಳಿಯಬೇಕು. ಸ್ಪರ್ಧಿಗಳ ಪ್ಯಾಂಟಿನ ಮಂಡಿಯ ಮೇಲೆ ಬೇರೆ ಬಣ್ಣದ ತೇಪೆ ಇರುವುದನ್ನು ನೀವು ಗಮನಿಸಿರಬಹುದು. ಎರಡು ಮಂಡಿಗಳೂ ಜೋಡಿಯಾಗಿ ಓಡುತ್ತಿವೆಯೇ, ಒಂದು ಹಿಂದೆ ಬಿತ್ತೇ ಎಂಬುದು ಕೆಳಗೆ ನಿಂತ ತೀರ್ಪುಗಾರರಿಗೆ ಅದರಿಂದ ಸ್ಪಷ್ಟವಾಗಿ ಕಾಣುತ್ತದೆ.

ಇಂಥ ಮಂಡಿ ತಯಾರಾಗಲು ಆಲ್ಪ್ಸ್ ಪರ್ವತವೇ ಬೇಕಿಲ್ಲ. ಮಾಂಟ್ರಿಯಲ್ ನಗರದ ಉತ್ತರಕ್ಕೆ ಲಾರೆನ್ಶಿಯನ್ ಬೆಟ್ಟಗಳಿವೆ. ಅಲ್ಲಿನ ಸೇಂಟ್ ಸೊವೇರ್ ಎಂಬ ಸ್ಕೀ ತಾಣದ ಬೆಟ್ಟ, ತಳದಿಂದ ತುದಿಗೆ, ಸುಮಾರು 200 ಮೀಟರ್ ಎತ್ತರ. ಚಳಿಗಾಲದಲ್ಲಿ ಹಿಮ ಕಲ್ಲಿನಂತೆ ಗಟ್ಟಿಯಾಗುತ್ತದೆ, ರಾತ್ರಿಯೂ ದೀಪ ಹಾಕಿ ಸ್ಕೀ ಮಾಡಿಸುತ್ತಾರೆ. ಮಾಂಟ್ರಿಯಲ್ ಬಳಿಯ ಡ್ಯೂ ಮೊಂಟಾನ್ಯ್ ಊರಿನಲ್ಲಿ ಬೆಳೆದ ಕಿಂಗ್ಸ್‌ಬರಿ ಚಿಕ್ಕಂದಿನಲ್ಲಿ ಸ್ಕೀ ಮಾಡಿದ್ದು ಇಲ್ಲಿ. ದೊಡ್ಡ ಬೆಟ್ಟದಲ್ಲಿ ದಿನಕ್ಕೊಂದು ಹೊಸ ದಾರಿ ಹಿಡಿಯಬಹುದು. ಪುಟ್ಟ ಬೆಟ್ಟದಲ್ಲಿ ಮಕ್ಕಳು ಅದೇ ಇಳಿಜಾರನ್ನು, ಅವೇ ಉಬ್ಬುಗಳನ್ನು ಮತ್ತೆ ಮತ್ತೆ ಇಳಿಯಬೇಕು. ಲಿಫ್ಟ್ ಹತ್ತಿ ಮೇಲೆ ಹೋಗಲೂ ಹೊತ್ತು ಹಿಡಿಯುವುದಿಲ್ಲ. ಮೊಗಲ್ಸ್‌ಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲವೆಂದೇ ನನ್ನ ನಂಬಿಕೆ. 1994ರ ಒಲಿಂಪಿಕ್ ಚಿನ್ನ ಗೆದ್ದ ಜ್ಯಾನ್ ಲುಕ್ ಬ್ರಸಾರ್, 2010 ಮತ್ತು 2014ರಲ್ಲಿ ಗೆದ್ದ ಅಲೆಕ್ಸ್ ಬಿಲೊಡೋ, 2014ರ ಸೋಚಿ ಒಲಿಂಪಿಕ್ಸ್‌ನಲ್ಲಿ ಚಿನ್ನ ಮತ್ತು ಬೆಳ್ಳಿಯನ್ನು ಹಂಚಿಕೊಂಡ ದ್ಯುಫೂರ್ ಲಪ್ವಾಂಟ್ ಅಕ್ಕತಂಗಿಯರು, ಎಲ್ಲರೂ ಕ್ವಿಬೆಕ್ ಪ್ರಾಂತ್ಯದವರೇ.

ಮೊಗಲ್ಸ್ ಒಲಿಂಪಿಕ್ಸ್‌ನಲ್ಲಿ ಪದಕದ ಸ್ಪರ್ಧೆಯಾದದ್ದು 1992ರಲ್ಲಿ. ಕಿಂಗ್ಸ್‌ಬರಿ ಹುಟ್ಟಿದ್ದೂ ಅದೇ ವರ್ಷದ ಜುಲೈಯಲ್ಲಿ. ಹುಡುಗ ಕಾಗದದ ಮೇಲೆ ಒಲಿಂಪಿಕ್ ಬಳೆಗಳನ್ನು ಬರೆದು, ತಾನು ಗೆಲ್ಲುತ್ತೇನೆ ಎಂದು ಸೇರಿಸಿ, ಮಲಗಿದಾಗ ಕಾಣುವಂತೆ ಹಾಸಿಗೆಯ ಮೇಲಿನ ಚಾವಣಿಗೆ ಅಂಟಿಸಿಕೊಂಡಿದ್ದನಂತೆ. 2010ರ ವ್ಯಾಂಕೂವರ್ ಒಲಿಂಪಿಕ್ಸ್‌ಗೆ ಹದಿನೇಳರ ಹರೆಯದಲ್ಲಿ ಹೋದದ್ದು ಸ್ಪರ್ಧಿಯಾಗಿ ಅಲ್ಲ. ಸ್ಪರ್ಧೆಗೆ ಮುಂಚೆ ಇಳಿದು ಹಾದಿ ಪರೀಕ್ಷಿಸುವವರಲ್ಲಿ ಆತನೂ ಒಬ್ಬ. ಅದೇ ಹಾದಿಯಲ್ಲಿ ಬಿಲೊಡೋ ಇಳಿದು, ತವರಿನ ಒಲಿಂಪಿಕ್ಸ್‌ನಲ್ಲಿ ಕೆನಡಾಕ್ಕೆ ಮೊತ್ತಮೊದಲ ಚಿನ್ನ ತಂದುಕೊಟ್ಟರು. ನಾಲ್ಕು ವರ್ಷದ ನಂತರ ಸೋಚಿಯಲ್ಲಿ ಮತ್ತೆ ಬಿಲೊಡೋಗೆ ಚಿನ್ನ, ಈ ಬಾರಿ ಬೆಳ್ಳಿ ಕಿಂಗ್ಸ್‌ಬರಿಗೆ. ಚಾವಣಿಯ ಕಾಗದದ ಮಾತು ನಿಜವಾಗಲು 2018ರ ಪ್ಯೊಂಗ್‌ಚಾಂಗ್‌ ಒಲಿಂಪಿಕ್ಸ್‌ವರೆಗೆ ಕಾಯಬೇಕಾಯಿತು.

2012ರಿಂದ 2020ರವರೆಗೆ, ಪ್ರತಿ ಚಳಿಗಾಲ ನಡೆಯುವ ವಿಶ್ವಕಪ್‌ನ ಒಟ್ಟಾರೆ ಪ್ರಶಸ್ತಿಯನ್ನು ಸತತ ಒಂಬತ್ತು ಋತುಗಳಲ್ಲಿ ಗೆದ್ದದ್ದು ಕಿಂಗ್ಸ್‌ಬರಿ ಒಬ್ಬರೇ. ನನಗೆ ಅದಕ್ಕಿಂತ ಹೆಚ್ಚೆನಿಸುವುದು ಆಮೇಲಿನ ಕತೆ. 2020ರ ಕೊನೆಯಲ್ಲಿ ಫಿನ್ಲೆಂಡಿನ ರೂಕಾದಲ್ಲಿ ಅಭ್ಯಾಸದ ವೇಳೆ ಬಿದ್ದು ಬೆನ್ನಿನ ಎರಡು ಕಶೇರುಗಳು ಮುರಿದವು. ಉಬ್ಬಿನ ಮೇಲೆ ಇಳಿಯುವಾಗ ಮಂಡಿ ತಡೆಯಲಾರದ ಹೊಡೆತವೆಲ್ಲ ನೇರ ಬೆನ್ನಿಗೇ ಹೋಗುತ್ತದೆ, ಹಾಗಾಗಿ ಅಂಥ ಪೆಟ್ಟು ಈ ಆಟದವರಿಗೆ ದೊಡ್ಡ ಭಯ. ಅವರು ಫೆಬ್ರುವರಿಯ ಹೊತ್ತಿಗೆ ಸ್ಪರ್ಧೆಗೆ ಮರಳಿದರು. ಮಾರ್ಚ್‌ನಲ್ಲಿ ಅಲ್ಮಾಟಿಯ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಮೊಗಲ್ಸ್ ಮತ್ತು ಇಬ್ಬರು ಅಕ್ಕಪಕ್ಕದಲ್ಲಿ ಇಳಿಯುವ ಡ್ಯುಯಲ್ ಮೊಗಲ್ಸ್ ಎರಡರಲ್ಲೂ ಚಿನ್ನ ಗೆದ್ದರು. ಭಯ ಹೊಕ್ಕ ದೇಹ ಬಿಗಿದುಕೊಳ್ಳುತ್ತದೆ, ಬಿಗಿದ ಮಂಡಿ ಮಡಚುವುದಿಲ್ಲ. ಅವರ ಮಂಡಿ ಮಡಚಿತು.

2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಸ್ವೀಡನ್ನಿನ ವಾಲ್ಟರ್ ವಾಲ್ಬೆರಿ ಇವರನ್ನು ಹಿಂದಿಕ್ಕಿದರು, 83.23ಕ್ಕೆ 82.18. ಇದನ್ನು ಸೋಲೆಂದು ಬರೆದವರಿದ್ದಾರೆ, ನಾನು ಒಪ್ಪುವುದಿಲ್ಲ. ನಾಲ್ಕು ವರ್ಷಕ್ಕೊಮ್ಮೆ ಬರುವ 25 ಸೆಕೆಂಡುಗಳಲ್ಲಿ ಯಾರು ಬೇಕಾದರೂ ಮುಂದೆ ಹೋಗಬಹುದು. ಪ್ರತಿ ಚಳಿಗಾಲ, ಬೇರೆ ಬೇರೆ ದೇಶದ ಬೇರೆ ಬೇರೆ ಹಿಮದಲ್ಲಿ ಮುಂದೆ ಇರುವುದು ಮಾತ್ರ ಅಪರೂಪದ ಸಂಗತಿ.

ಈ ವಾರ ಬಿಡುವು ಸಿಕ್ಕರೆ ಪ್ಯೊಂಗ್‌ಚಾಂಗ್ ಫೈನಲ್‌ನ ಕಿಂಗ್ಸ್‌ಬರಿಯ ಓಟವನ್ನು ಹುಡುಕಿ ನೋಡಿ. ಮೊದಲ ಸಲ ಎರಡೂ ಲಾಗಗಳನ್ನು ಗಮನಿಸದೆ ಬಿಟ್ಟು, ಮಂಡಿಯ ಮೇಲಿನ ತೇಪೆಗಳ ಮೇಲಷ್ಟೇ ಕಣ್ಣಿಡಿ. ಆಮೇಲೆ ಆ ದಿನ ಎರಡನೆಯವರಾದ ಆಸ್ಟ್ರೇಲಿಯಾದ ಮ್ಯಾಟ್ ಗ್ರಹಾಮ್ ಅವರ ಓಟವನ್ನೂ ಹಾಗೆಯೇ ನೋಡಿ. ಕಿಂಗ್ಸ್‌ಬರಿ ಪಡೆದದ್ದು 86.63, ಗ್ರಹಾಮ್ 82.57. ಮೂರನೆಯ ಸ್ಥಾನದ ಜಪಾನಿನ ದೈಚಿ ಹಾರಾ 82.19.