ಮೂಗಿಗೆ ಮಾಗಿದ್ದು, ನಾಲಿಗೆಗೆ ಅಲ್ಲ

ಗ್ರೀಸ್‌ನ ಲಾರಿಸಾ ಊರಿನ ಸಣ್ಣದೊಂದು ಹೋಟೆಲಿನಲ್ಲಿ 14 ವರ್ಷ ಹಳೆಯ ರಪ್ಸಾನಿ ವೈನ್ ತೆರೆಯುವಾಗ ಬಿರಡೆ ಅರ್ಧಕ್ಕೇ ಮುರಿಯಿತು. ಉಳಿದರ್ಧವನ್ನು ಮಾಲೀಕರು ಸ್ಕ್ರೂ ಓರೆ ಹಿಡಿದು ಮೆಲ್ಲಗೆ ಎಬ್ಬಿಸಿದರು. ಹಳತಾದಷ್ಟೂ ಒಳ್ಳೆಯದು ಎಂದು ನಂಬಿದ್ದ ಮೇಜಿನವರಿಗೆಲ್ಲ ಅದೇ ಸಂಭ್ರಮ, ನನಗೆ ಅನುಮಾನ. ಮಾಗುವುದಕ್ಕೂ ಕಾಲ ಬೇಕು, ಹಳಸುವುದಕ್ಕೂ ಕಾಲವೇ ಬೇಕು.

ರಪ್ಸಾನಿ, ಒಲಿಂಪಸ್ ಬೆಟ್ಟದ ತಪ್ಪಲಿನ ಹಳ್ಳಿ. ಅದರ ಹೆಸರಿನ ಕೆಂಪು ವೈನಿಗೆ 1971ರಲ್ಲೇ ಕಾನೂನಿನ ಮಾನ್ಯತೆ ಸಿಕ್ಕಿದೆ. ಅದರಲ್ಲಿ ಸೇರುವುದು ಮೂರು ದ್ರಾಕ್ಷಿ: ಕ್ಸಿನೋಮಾವ್ರೊ, ಕ್ರಸಾಟೊ, ಸ್ತವ್ರೊಟೊ. ಹಳೆಯ ತೋಟಗಳಲ್ಲಿ ಮೂರೂ ಕಲೆತೇ ಬೆಳೆಯುತ್ತವೆ. ಕ್ಸಿನೋಮಾವ್ರೊ ಎಂದರೆ ‘ಹುಳಿ-ಕಪ್ಪು’. ಹುಳಿ ನಿಜ, ಕಪ್ಪು ಅಷ್ಟು ನಿಜವಲ್ಲ. ಅದರ ಬಣ್ಣ ಬೇಗ ಇಳಿಯುತ್ತದೆ, ಒಗರು ಮಾತ್ರ ಜಗ್ಗುವುದಿಲ್ಲ. ಆ ಮೊನಚನ್ನು ತಗ್ಗಿಸಲೆಂದೇ ಉಳಿದೆರಡರ ಜೊತೆ.

ಹಾಗಾಗಿ ಇಲ್ಲಿ ಬಣ್ಣದ ಸಾಕ್ಷಿ ನೆಚ್ಚುವಂತಿಲ್ಲ. ಲೋಟ ಓರೆ ಮಾಡಿದರೆ ಅಂಚಿನಲ್ಲಿ ಕಾವಿ, ನಡುವೆ ತೆಳು ಕೆಂಪು. ಬೇರೆ ವೈನಾಗಿದ್ದರೆ ಕಥೆ ಮುಗಿಯಿತೆನ್ನುತ್ತಿದ್ದೆ.

ಮೊದಲ ಹತ್ತು ನಿಮಿಷ ವಾಸನೆ ಬಿಗಿದುಕೊಂಡೇ ಇತ್ತು. ಆಮೇಲೆ ಒಂದೊಂದಾಗಿ ಹೊರಬಂತು: ಬಿಸಿಲಲ್ಲಿ ಒಣಗಿಸಿದ ಟೊಮೆಟೊ, ಉಪ್ಪಿನ ಆಲಿವ್, ಒಣ ಅಂಜೂರ, ಹಳೆ ಚಪ್ಪಲಿ ಅಂಗಡಿಯ ಚರ್ಮ. ಟೊಮೆಟೊ ವಾಸನೆ ಕ್ಸಿನೋಮಾವ್ರೊದ ರುಜು. ಅದಿಲ್ಲದಿದ್ದರೆ ಬಾಟಲಿಯನ್ನೇ ಶಂಕಿಸುತ್ತಿದ್ದೆ. ತಾಜಾ ಹಣ್ಣಿನ ಸುಳಿವಿಲ್ಲ, ಕೊರತೆಯೂ ಕಾಣಲಿಲ್ಲ. ಮೂಗಿನ ಮಟ್ಟಿಗೆ ಇದು ಪೂರ್ತಿ ಮಾಗಿದ ವೈನ್, ಸೊಗಸಾಗಿ ಮಾಗಿದ ವೈನ್.

ಬಾಯಿಗಿಟ್ಟಾಗಲೇ ತಕರಾರು. ಹುಳಿ ನೆಟ್ಟಗಿದೆ, ವೈನನ್ನು ಇಷ್ಟು ವರ್ಷ ಕಾದದ್ದೂ ಅದೇ. ಆದರೆ ಒಗರು! ಅಡಿಕೆ ಬೇಯಿಸುವ ಮನೆಯಲ್ಲಿ ಬೆಳೆದವರಿಗೆ ಚೊಗರು ಬೆರಳಿಗೆ ಹತ್ತಿದರೆ ಹೇಗಿರುತ್ತದೆಂದು ಗೊತ್ತು. ಆ ಬೆರಳನ್ನು ನೆಕ್ಕಿದಂತೆ ಒಸಡು ಹಿಡಿದುಕೊಂಡಿತು. ವರ್ಷ ಕಳೆದಂತೆ ಈ ಒಗರಿನ ಕಣಗಳು ಒಂದಕ್ಕೊಂದು ಅಂಟಿ ಭಾರವಾಗಿ ತಳಕ್ಕೆ ಇಳಿಯಬೇಕು. ಇಳಿದಿವೆ ಕೂಡ, ಬಾಟಲಿಯ ತಳದಲ್ಲಿ ಫಿಲ್ಟರ್ ಕಾಫಿಯ ಗಷ್ಟಿನಂತೆ ಕೂತಿದ್ದವು. ಸಾಲಲಿಲ್ಲ, ಅಷ್ಟೆ. ಒಗರು ಮೆದುವಾಗುವುದನ್ನು ಕಾಯುವಷ್ಟು ತಾಳ್ಮೆ ಹಣ್ಣಿಗಿರಲಿಲ್ಲ. ಮಿಶ್ರಣದ ತೊಡಕೇ ಇದು: ತಗ್ಗಿಸಲು ಬಂದವು ಮೊದಲೇ ಸೋತು ಕೂತಿವೆ, ಹಟಮಾರಿ ಒಂದೇ ಎದ್ದು ನಿಂತಿದೆ.

ಕುರಿಮಾಂಸದ ತಟ್ಟೆ ಬಂದ ಮೇಲೆ ವೈನ್ ಸುಧಾರಿಸಿತು; ಕೊಬ್ಬು, ಉಪ್ಪು ಒಗರನ್ನು ಎಷ್ಟೋ ಮುಚ್ಚಿದವು. ಎರಡನೇ ಲೋಟ ಆ ಸಂಜೆಯ ಅತ್ಯುತ್ತಮ. ಒಂದೂವರೆ ಗಂಟೆಯ ನಂತರದ ಮೂರನೆಯದರಲ್ಲಿ ಅಂಜೂರ ಮಾಯವಾಗಿ ಚರ್ಮವೊಂದೇ ಉಳಿದಿತ್ತು. ಇನ್ನೂ ಕಾಲವಿರುವ ವೈನ್ ಗಾಳಿಗೆ ಅರಳುತ್ತದೆ, ಇದು ಸೊರಗಿತು. (ಬಾಟಲಿ ಇಷ್ಟು ವರ್ಷ ಇದ್ದದ್ದು ಅಡುಗೆಮನೆ ಪಕ್ಕದ ಕಪಾಟಿನಲ್ಲಿ ಎಂದು ಆಮೇಲೆ ತಿಳಿಯಿತು. ತಂಪು ನೆಲಮಾಳಿಗೆಯಲ್ಲಿದ್ದರೆ ನನ್ನ ತೀರ್ಪು ಬೇರೆಯಾಗುತ್ತಿತ್ತೇನೋ.)

ಹಳಸಿಲ್ಲ, ಆದರೆ ಅದರ ಒಳ್ಳೆಯ ದಿನಗಳು ಎರಡು-ಮೂರು ವರ್ಷದ ಹಿಂದೆಯೇ ಕಳೆದಿವೆ. ಇಂಥದೊಂದು ಬಾಟಲಿ ನಿಮ್ಮಲ್ಲಿದ್ದರೆ ಇನ್ನು ಇಡಬೇಡಿ. ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ ಗಷ್ಟು ಕೂರಲು ಬಿಡಿ, ಮಾಂಸದೂಟಕ್ಕೆ ತೆರೆಯಿರಿ, ಒಂದು ಗಂಟೆಯೊಳಗೆ ಮುಗಿಸಿ.