ತರತಮಭಾವದ ಪಾಠ: ಒಂದು ವಿಮರ್ಶೆ

ಇಂಗ್ಲಿಷ್ ಕಲಿಯುವ ಕನ್ನಡದ ಮಗು ‘ರಾಮ ಈಸ್ ಟಾಲ್ ದ್ಯಾನ್ ಕೃಷ್ಣ’ ಎಂದು ಬರೆದರೆ ನಾವು ಕೆಂಪು ಮಸಿಯಿಂದ ಗೆರೆ ಎಳೆಯುತ್ತೇವೆ. ತಪ್ಪು ತಪ್ಪೇ ಸರಿ. ಆದರೆ ಆ ತಪ್ಪು ಎಲ್ಲಿಂದ ಬಂತೆಂದು ನಾವು ವಿಚಾರಿಸುವುದಿಲ್ಲ ಎಂಬುದೇ ನನ್ನ ಆಕ್ಷೇಪ.

ಕನ್ನಡದಲ್ಲಿ ಹೋಲಿಕೆಯ ಗುರುತನ್ನು ಹೊರುವುದು ಗುಣವಾಚಕವಲ್ಲ, ನಾಮಪದ. ‘ಕೃಷ್ಣನಿಗಿಂತ ರಾಮ ಎತ್ತರ’ ಎಂಬಲ್ಲಿ ‘ಎತ್ತರ’ ಕದಲುವುದಿಲ್ಲ. ‘ಇಂತ’ ಎಂಬುದು ಕೃಷ್ಣನನ್ನು ಸೇರುತ್ತದೆ. ‘ಎಲ್ಲರಿಗಿಂತ’ ಎಂದೊಡನೆ ಮೂರನೆಯ ಅವಸ್ಥೆಯೂ ಸಿದ್ಧಿಸುತ್ತದೆ. ಮಲೆಯಾಳದ ‘ಕಾಳ್’, ತಮಿಳಿನ ‘ವಿಡ’, ತೆಲುಗಿನ ‘ಕಂಟೇ’, ಮರಾಠಿಯ ‘ಪೇಕ್ಷಾ’ ಮಾಡುವುದೂ ಇದೇ ಕೆಲಸ. ಗಡಿನಾಡಿನ ಮಗುವಿಗೆ ಮನೆಮಾತೂ ನೆರೆಮಾತೂ ಒಂದೇ ಪಾಠ ಹೇಳಿವೆ. ಇಂಗ್ಲಿಷಿನಲ್ಲಾದರೋ ‘ದ್ಯಾನ್’ ಒಂದೇ ಸಾಲದು; ‘ಟಾಲ್’ ಎಂಬುದು ‘ಟಾಲರ್’ ಆಗಬೇಕು, ‘ಬ್ಯೂಟಿಫುಲ್’ ಎಂಬುದರ ಹಿಂದೆ ‘ಮೋರ್’ ನಿಲ್ಲಬೇಕು. ಈ ಭೇದವನ್ನು ಕರಿಹಲಗೆಯ ಮೇಲೆ ಎರಡೂ ಭಾಷೆಗಳಲ್ಲಿ ಬರೆದು ತೋರಿಸಿದರೆ ಅರ್ಧ ಕೆಲಸ ಮುಗಿದಂತೆ.

ಎರಡನೆಯ ದೋಷ ಅರ್ಥಕ್ಕೆ ಸಂಬಂಧಿಸಿದ್ದು. ಮೂರು ಅವಸ್ಥೆಗಳನ್ನು ಮೂರು ಮೆಟ್ಟಿಲುಗಳಂತೆ ಬೋಧಿಸುವುದು ವಾಡಿಕೆ: ಎತ್ತರದವನು, ಅವನಿಗಿಂತ ಎತ್ತರದವನು, ಎಲ್ಲರಿಗಿಂತ ಎತ್ತರದವನು. ಇದು ಸರಿಯಲ್ಲ. ಇಬ್ಬರು ಗಿಡ್ಡರಲ್ಲಿಯೂ ಒಬ್ಬನು ಇನ್ನೊಬ್ಬನಿಗಿಂತ ಎತ್ತರ. ಆದರೂ ಅವನು ಎತ್ತರದವನಲ್ಲ. ಮೊದಲನೆಯದು ಗುಣವನ್ನು ಹೇಳುತ್ತದೆ, ಉಳಿದೆರಡು ಸಂಬಂಧವನ್ನು ಹೇಳುತ್ತವೆ. ಇದನ್ನು ತಿಳಿಸದೆ ವಾಕ್ಯ ಪರಿವರ್ತನೆಯ ಅಭ್ಯಾಸವನ್ನಷ್ಟೇ ಮಾಡಿಸಿದರೆ ಮಗುವಿನ ಕೈ ಪಳಗೀತು, ಬುದ್ಧಿ ಪಳಗದು.

ಮೂರನೆಯದು ನಮ್ಮ ನಗೆ. ‘ಮೋರ್ ಬೆಟರ್’ ಎಂದ ಹುಡುಗನನ್ನು ತರಗತಿಯೇ ನಗುತ್ತದೆ. ‘ಜೂಲಿಯಸ್ ಸೀಸರ್’ ನಾಟಕದಲ್ಲಿ ಆಂಟನಿಯ ಬಾಯಲ್ಲಿ ಶೇಕ್ಸ್‌ಪಿಯರನು ‘ಮೋಸ್ಟ್’ ಮತ್ತು ‘ಎಸ್ಟ್’ ಎರಡನ್ನೂ ಒಂದೇ ಪದಕ್ಕೆ ಹೊರಿಸಿದ್ದಾನೆ. ಇಂಥ ಇಮ್ಮಡಿ ರೂಪಗಳನ್ನು ರಾಬರ್ಟ್ ಲೌತ್ 1762ರ ತನ್ನ ವ್ಯಾಕರಣದಲ್ಲಿ ಅಸಾಧುವೆಂದನು. ನಮ್ಮ ‘ಉತ್ತಮ’ದಲ್ಲಿ ‘ತಮ’ ಪ್ರತ್ಯಯವೂ ‘ಶ್ರೇಷ್ಠ’ದಲ್ಲಿ ‘ಇಷ್ಠ’ ಪ್ರತ್ಯಯವೂ ಆಗಲೇ ಅಡಗಿವೆ. ಆದರೂ ‘ಅತ್ಯುತ್ತಮ’, ‘ಶ್ರೇಷ್ಠತಮ’ ಎಂದು ನಾವು ಗಂಭೀರವಾಗಿಯೇ ಬರೆಯುತ್ತೇವೆ. ಹುಡುಗನನ್ನು ತಿದ್ದಲೇಬೇಕು, ಇಂದಿನ ಶಿಷ್ಟ ಇಂಗ್ಲಿಷ್ ಅದನ್ನು ಒಪ್ಪುವುದಿಲ್ಲ. ನಗುವ ಹಕ್ಕು ಮಾತ್ರ ನಮಗಿಲ್ಲ.

‘ತರ’, ‘ತಮ’ ಎಂಬ ಪ್ರತ್ಯಯಗಳೆರಡು ಕೂಡಿಯೇ ‘ತಾರತಮ್ಯ’ ಎಂಬ ಮಾತಾಯಿತು. ಅದಕ್ಕೆ ವಿವೇಚನೆ ಎಂಬ ಅರ್ಥವೂ ಉಂಟು, ಪಕ್ಷಪಾತ ಎಂಬ ಅರ್ಥವೂ ಉಂಟು. ಮಗುವಿನ ಮನೆಮಾತನ್ನು ತಪ್ಪುಗಳ ತವರೆಂದು ಕಾಣುವುದು ಎರಡನೆಯದು. ಅದನ್ನೇ ಬೋಧನೆಯ ಮೊದಲ ಮೆಟ್ಟಿಲಾಗಿ ಬಳಸುವುದು ಮೊದಲನೆಯದು. ಉಪಾಧ್ಯಾಯರಿಗೆ ಒಪ್ಪುವುದು ಯಾವುದೆಂದು ಬೇರೆ ಹೇಳಬೇಕಾಗಿಲ್ಲ.