ಕವಲು ನಿಜಕ್ಕೂ ಅಳಿಸಿತೇ?

1998ರಲ್ಲಿ ಜರ್ಮನಿಯ ಹಾನ್ಸ್ ಕ್ರೌಯೆಲ್ ಮತ್ತು ಇಟಲಿಯ ಫ್ರಾಂಕೊ ಫ್ಲಾಂಡೋಲಿ ಜೊತೆಗೂಡಿ ಒಂದು ಪ್ರಬಂಧ ಪ್ರಕಟಿಸಿದರು. ಹೊರಗಿನ ಗದ್ದಲ ಸೇರಿಕೊಂಡರೆ ‘ಪಿಚ್‌ಫೋರ್ಕ್’ ಕವಲೇ ನಾಶವಾಗುತ್ತದೆ ಎಂದು ಅದರ ಶೀರ್ಷಿಕೆಯೇ ಸಾರುತ್ತಿತ್ತು. ರ‍್ಯಾಂಡಮ್ ಡೈನಾಮಿಕಲ್ ಸಿಸ್ಟಮ್ಸ್ (ಗದ್ದಲಕ್ಕೆ ಸಿಕ್ಕ ಚಲನೆಗಳ ಗಣಿತ) ಕ್ಷೇತ್ರದಲ್ಲಿ ದೇಶದೇಶಗಳ ಗಣಿತಜ್ಞರು ಕೂಡಿ ಮಾಡಿದ ಕೆಲಸವನ್ನು ತೂಗಿ ನೋಡಲು ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಕಾಣುವುದಿಲ್ಲ.

ಸಮೀಕರಣ ತೀರಾ ಸರಳ. ಆಲ್ಫಾ ಎಂಬ ನಿಯತಾಂಕ ಸೊನ್ನೆಗಿಂತ ಕಡಿಮೆ ಇದ್ದಾಗ, ಬಿಂದು ಎಲ್ಲಿಂದ ಹೊರಟರೂ ಸೊನ್ನೆಯತ್ತಲೇ ಸಾಗುತ್ತದೆ. ಆಲ್ಫಾ ಸೊನ್ನೆಯನ್ನು ದಾಟಿತೋ, ಅದೇ ಸೊನ್ನೆ ಬಿಂದುಗಳನ್ನು ದೂರ ತಳ್ಳತೊಡಗುತ್ತದೆ. ಎಡಬಲಗಳಲ್ಲಿ ಎರಡು ಹೊಸ ನೆಲೆಗಳು ಹುಟ್ಟುತ್ತವೆ. ಇದೇ ಕವಲು. ಈಗ ಇದಕ್ಕೆ ಗದ್ದಲವಾಗಿ ಬ್ರೌನಿಯನ್ ಅಲುಗಾಟ ಸೇರಿಸಿ, ಎಲ್ಲ ಬಿಂದುಗಳಿಗೂ ಒಂದೇ ಅಲುಗಾಟ ತಗಲುವಂತೆ ಮಾಡಿ. ಕ್ರಮೇಣ ಎಲ್ಲವೂ ಒಂದೇ ಪಥಕ್ಕೆ ಬಂದು ಸೇರುತ್ತವೆ. ಆಲ್ಫಾ ಎಷ್ಟೇ ಇರಲಿ, ಲ್ಯಾಪುನೋವ್ ಘಾತ, ಅಂದರೆ ಅಕ್ಕಪಕ್ಕದ ಬಿಂದುಗಳು ಅನಂತ ಕಾಲದ ಸರಾಸರಿಯಲ್ಲಿ ಅಗಲುವ ದರ, ಋಣವೇ. ಬಿಂದುಗಳು ಎರಡು ನೆಲೆಗಳಾಗಿ ಬೇರ್ಪಟ್ಟು ಉಳಿಯುವುದಿಲ್ಲ.

ಹೀಗೆ ನೋಡುವ ಕಣ್ಣು ಒಬ್ಬರದಲ್ಲ. ಮಾಸ್ಕೋದಲ್ಲಿ ಒಸೆಲೆಡೆಟ್ಸ್ ಇಂಥ ಘಾತಗಳ ಬಗ್ಗೆ 1968ರಲ್ಲಿ ಸಾಧಿಸಿದ ಪ್ರಮೇಯ, ಜಪಾನಿನ ಹಿರೋಶಿ ಕುನಿತಾ ಬೆಳೆಸಿದ ಯಾದೃಚ್ಛಿಕ ಹರಿವುಗಳ ಸಿದ್ಧಾಂತ, ಇವನ್ನೆಲ್ಲ ಒಂದೇ ಚೌಕಟ್ಟಿಗೆ ತಂದವರು ಬ್ರೆಮೆನ್‌ನ ಲುಡ್ವಿಗ್ ಆರ್ನಾಲ್ಡ್. ಅವರ ದೊಡ್ಡ ಗ್ರಂಥವೂ 1998ರದೇ. ಎಲ್ಲರೂ ಒಂದೇ ವ್ಯಾಖ್ಯೆ ಹಿಡಿದು ಮಾತಾಡಲು ಸಾಧ್ಯವಾದದ್ದು ಬ್ರೆಮೆನ್ ಗುಂಪಿನ ನಿಜವಾದ ಕೊಡುಗೆ. ಆದರೆ ಆ ವ್ಯಾಖ್ಯೆಯ ಒತ್ತೆಲ್ಲ ಅನಂತ ಕಾಲದ ಸರಾಸರಿಯ ಮೇಲೆ. ಆ ಸರಾಸರಿ ಏನನ್ನು ನುಂಗಿಹಾಕುತ್ತದೆ ಎಂದು ಬಹುಕಾಲ ಯಾರೂ ಗಟ್ಟಿಯಾಗಿ ಕೇಳಲಿಲ್ಲ.

ಕೇಳಿದವರು ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಗುಂಪು: ಮಾರ್ಕ್ ಕ್ಯಾಲವೇ, ಯೆರುನ್ ಲ್ಯಾಂಬ್, ಮಾರ್ಟಿನ್ ರಾಸ್ಮುಸೆನ್, ಜೊತೆಗೆ ವಿಯೆಟ್ನಾಮಿನ ದೊಆನ್ ಥಾಯ್ ಸನ್. 2017ರಲ್ಲಿ ಅಚ್ಚಾದ ಅವರ ಪ್ರಬಂಧ ಹೊಸ ಸಮೀಕರಣವನ್ನು ಹುಡುಕಲಿಲ್ಲ, ಹಳೆಯದನ್ನೇ ಮತ್ತೆ ಬಿಚ್ಚಿತು. ಆಲ್ಫಾ ಧನವಾಗಿರುವಾಗ ಗದ್ದಲವು ಪಥವನ್ನು ಸೊನ್ನೆಯ ಆಸುಪಾಸಿನಲ್ಲೇ ಸುಳಿದಾಡಿಸಬಹುದು. ಆ ಹೊತ್ತಿನಲ್ಲಿ ಅಕ್ಕಪಕ್ಕದ ಎರಡು ಬಿಂದುಗಳು ಕೂಡುವ ಬದಲು ಅಗಲುತ್ತವೆ. ನೀವು ಎಷ್ಟೇ ದೀರ್ಘ ಅವಧಿ ಹೇಳಿ, ಅಷ್ಟೂ ಹೊತ್ತು ಹೀಗಾಗುವ ಸಂಭವ ಸೊನ್ನೆಯಲ್ಲ. ಸರಾಸರಿಯನ್ನಷ್ಟೇ ಅಲ್ಲದೆ ಎಲ್ಲ ಪಥಗಳಲ್ಲೂ ಸಾಧ್ಯವಿರುವ ಅಗಲುವ ದರಗಳನ್ನು ಹಿಡಿಯುವ ‘ದ್ವಿಭಾಜನ ರೋಹಿತ’ವನ್ನು ಅವರು ಲೆಕ್ಕ ಹಾಕಿದರು; ಅದರ ಮೇಲಿನ ತುದಿ ಸಾಕ್ಷಾತ್ ಆಲ್ಫಾವೇ! ಆಲ್ಫಾ ಸೊನ್ನೆ ದಾಟಿದ ಗಳಿಗೆಗೆ ಅದೂ ದಾಟುತ್ತದೆ. ಕವಲು ಅಳಿದಿರಲಿಲ್ಲ, ಸರಾಸರಿಯ ಕೆಳಗೆ ಅಡಗಿತ್ತು.

1998ರ ಪ್ರಮೇಯದಲ್ಲಿ ಒಂದಕ್ಷರವೂ ತಪ್ಪಿಲ್ಲ. ಅದರಿಂದ ಹೊರಟ ತೀರ್ಮಾನ ಮಾತ್ರ ಅತಿಯಾಯಿತು ಎಂಬುದು ನನ್ನ ಖಚಿತ ಅಭಿಪ್ರಾಯ. ಪ್ರಯೋಗಾಲಯದಲ್ಲಾಗಲಿ ಹವಾಮಾನದ ಮಾದರಿಯಲ್ಲಾಗಲಿ ಅನಂತ ಕಾಲ ಕಾಯುವವರಿಲ್ಲ. ಸೀಮಿತ ಅವಧಿಯ ಅಸ್ಥಿರತೆಯೇ ಅಲ್ಲಿ ಎದುರಾಗುವುದು. ಅಂತರರಾಷ್ಟ್ರೀಯ ಸಹಯೋಗವನ್ನು ಜಂಟಿ ಹೆಸರುಗಳ ಪಟ್ಟಿ ನೋಡಿ ಅಳೆಯುವವರಿಗೆ ಈ ಎರಡು ಪ್ರಬಂಧಗಳ ನಡುವಿನ ಸಂಬಂಧ ಕಾಣುವುದೇ ಇಲ್ಲ, ಏಕೆಂದರೆ ಎರಡರಲ್ಲೂ ಇರುವ ಹೆಸರು ಒಂದೂ ಇಲ್ಲ. ನನಗಂತೂ ಇದೇ ಅತ್ಯುತ್ತಮ ಸಹಯೋಗ.

ಮಾತು ಮುಂದುವರಿದಿದೆ. 2023ರಲ್ಲಿ ಅಲೆಕ್ಸ್ ಬ್ಲೂಮೆಂತಾಲ್, ಮ್ಯಾಕ್ಸಿಮಿಲಿಯನ್ ಎಂಗೆಲ್ ಮತ್ತು ಅಲೆಕ್ಸಾಂಡ್ರಾ ನೆಯಾಮ್ಟ್ಸು ಇದೇ ವಿದ್ಯಮಾನವನ್ನು ಅನಂತ ಆಯಾಮದ ಛಾಫೀ–ಇನ್ಫಾಂಟೆ ಸಮೀಕರಣಕ್ಕೆ ಒಯ್ದರು. ಲಂಡನ್ ಗುಂಪಿನ ಫಲಿತಾಂಶದ ಬಗ್ಗೆಯೂ ನನ್ನದೊಂದು ತಕರಾರಿದೆ. ಅದು ನಿಂತಿರುವುದು ತೀರಾ ಅಪರೂಪದ ಪಥಗಳ ಮೇಲೆ, ಮಿತಿಯೇ ಇಲ್ಲದ ಗದ್ದಲದ ಮೇಲೆ. ಗದ್ದಲಕ್ಕೆ ಸಣ್ಣದೊಂದು ಮಿತಿ ಹಾಕಿದರೆ ಸಾಕು, ಆಲ್ಫಾ ತಕ್ಕಷ್ಟು ದೊಡ್ಡದಿರುವಾಗ ಎಡಬಲದ ಎರಡೂ ನೆಲೆಗಳು ಬೇರೆಬೇರೆಯಾಗಿಯೇ ಉಳಿಯುತ್ತವೆ, ಒಂದರಿಂದ ಇನ್ನೊಂದಕ್ಕೆ ದಾಟಲು ದಾರಿಯೇ ಇರುವುದಿಲ್ಲ. ಪ್ರಕೃತಿಯಲ್ಲಿ ಕಾಣುವ ಗದ್ದಲ ಬಹುಪಾಲು ಹೀಗೆ ಮಿತಿಯುಳ್ಳದ್ದೇ.